ಗೆರೆಯ ಹೊರಗಿನ ತಿವರ

ಒಂದು ಕಡೆ ಗಿಡ ಕಡಿದವರು ಇನ್ನೊಂದು ಕಡೆ ಅದರ ಮೂರು ಪಟ್ಟು ನೆಡಬೇಕು ಎಂಬ ಶರತ್ತಿನ ಮೇಲೆ ಧರ್ಮಣ್ಣ ಇಪ್ಪತ್ತೆರಡು ವರ್ಷ ಅನ್ನ ತಿಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಬುದ್ಧಿ ಯಾರ ತಲೆಯಲ್ಲಿ ಹುಟ್ಟಿತೋ ಅವನಿಗೆ ಗೊತ್ತಿರಲಿಲ್ಲ. ಬರೆ ಹಾಕುವ ಕೆಲಸ ಮಾತ್ರ ಅವನ ಪಾಲಿಗೆ ಬಂದಿತ್ತು. ಇಂಡಿ ತಾಲ್ಲೂಕಿನಿಂದ ಬಂದು ಕುರ್ಲಾದ ಚಾಳಿನಲ್ಲಿ ನೆಲೆಸಿದ ಅವನು ಖಾಡಿಯ ಕೆಸರಿನಲ್ಲಿ ಸಸಿ ನೆಡುವ ಗ್ಯಾಂಗಿನ ಮೇಸ್ತ್ರಿ, ಮುಕಾದಮ. ಸಮುದ್ರದ ನೀರು ಊರೊಳಗೆ ನುಗ್ಗಿ ಮತ್ತೆ ಹಿಂದೆ ಸರಿಯುವ ಜಾಗಕ್ಕೆ ಇಲ್ಲಿನವರು ಖಾಡಿ ಅನ್ನುತ್ತಾರೆ. ಅಲ್ಲಿನ ಉಪ್ಪು ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಕ್ಕೆ ತಿವರ ಅನ್ನುತ್ತಾರೆ. ಸೇತುವೆ ಬಂದಾಗ, ಪೈಪು ಹಾಯ್ದಾಗ, ಕರೆಂಟಿನ ಕಂಬ ನಿಂತಾಗ ಧರ್ಮಣ್ಣನಿಗೆ ಕರೆ ಬರುತ್ತಿತ್ತು. ಲಕ್ಷಗಟ್ಟಲೆ ಸಸಿ ನೆಟ್ಟಿದ್ದ. ಬದುಕಿ ಉಳಿದದ್ದು ಒಂದೇ ಒಂದು ತೋಪು.

ಆ ತೋಪು ಮುಲುಂಡಿನ ಪೂರ್ವಕ್ಕೆ, ಪಾಳುಬಿದ್ದ ಉಪ್ಪಿನ ಗದ್ದೆಗಳ ಆಚೆ ಇತ್ತು. ಅದು ಬದುಕಿದ್ದಕ್ಕೆ ಕಾರಣ ಅವನ ಹೆಂಡತಿ ಕಸ್ತೂರಿಬಾಯಿಯ ಹಟ. ಹನ್ನೆರಡು ವರ್ಷದ ಹಿಂದೆ ಒಂದು ಸೇತುವೆಗಾಗಿ ಕಡಿದ ಗಿಡಗಳ ಬದಲಿಗೆ ನಾಲ್ಕು ಸಾವಿರ ಸಸಿ ನೆಡಬೇಕಾಗಿತ್ತು. ನಕಾಶೆಯಲ್ಲಿ ಕೆಂಪು ಗೆರೆ ಎಳೆದು ತೋರಿಸಿದ ಜಾಗ ಬರೀ ತಗ್ಗು. ಅಲ್ಲಿ ಎರಡು ಸಲ ನೆಟ್ಟರು, ಎರಡು ಸಲವೂ ಸಸಿಗಳು ಕರಗಿ ಹೋದವು. ಮೂರನೆಯ ಸಲ ಕಸ್ತೂರಿಬಾಯಿ ಸೀರೆ ಮೊಣಕಾಲ ಮೇಲೆ ಕಟ್ಟಿಕೊಂಡು ಕೆಸರಿನಲ್ಲಿ ನಿಂತವಳು ಬುಟ್ಟಿ ಕೆಳಗಿಳಿಸಲೇ ಇಲ್ಲ.

"ನಕಾಶೆ ತಗದಾಂವ ಇಲ್ಲಿ ಒಮ್ಮೆರ ಕಾಲ ಇಟ್ಟಾನೇನು? ಸಮುದ್ರದ ಭರತಿ ನೀರು ಇಲ್ಲಿ ಬಂದ್ರ ಇಳಿಯೂದ ಇಲ್ಲ. ಸಸಿ ಉಸುರು ಕಟ್ಟಿ ಸಾಯ್ತಾವ. ಮೂರನೇ ಸಲ ನಾ ಹೆಣ ಹೂಳಂಗಿಲ್ಲ ನೋಡ್ರಿ," ಅಂದಳು.

ನಾಲೆಯ ಆಚೆ, ನಾನೂರು ಹೆಜ್ಜೆ ದೂರದಲ್ಲಿ, ಒಂದು ಗೇಣು ಎತ್ತರದ ದಿಬ್ಬವಿತ್ತು. ನೀರು ಬಂದು ಹೊಟ್ಟೆ ತುಂಬಿಸಿ ಹೊರಟುಹೋಗುವ ಜಾಗ. ಗ್ಯಾಂಗು ಅಲ್ಲಿ ನೆಟ್ಟಿತು. ಎಣಿಸಲು ಬಂದ ಸಾಹೇಬರು ಉಬ್ಬರದ ಹೊತ್ತಿನಲ್ಲಿ ದೋಣಿಯಲ್ಲಿ ಕೂತು "ಎಲ್ಲಿವೆ?" ಎಂದು ಕೇಳಿದರು. ಧರ್ಮಣ್ಣ ಹಸಿರು ಕಂಡ ಕಡೆ ಕೈ ತೋರಿಸಿದ. ಸಾಹೇಬರು ನಕಾಶೆಯ ಗೆರೆಯೊಳಗೆ ನಾಲ್ಕು ಸಾವಿರವೂ ಬದುಕಿವೆ ಎಂದು ಬರೆದುಕೊಂಡು ಹೋದರು. ಯಾರಿಗೂ ನಷ್ಟವಿರಲಿಲ್ಲ. ಗಿಡ ಬದುಕಿದರೆ ಸಾಕಲ್ಲ, ಅದು ಗೆರೆಯ ಯಾವ ಮಗ್ಗುಲಿಗಿದ್ದರೇನು ಎಂದು ಧರ್ಮಣ್ಣ ಅಂದುಕೊಂಡ. ತಾನು ಭಾರೀ ಜಾಣ ಎಂದು ವರ್ಷಗಟ್ಟಲೆ ಒಳಗೊಳಗೇ ಹಿಗ್ಗಿದ್ದೂ ಹೌದು.

ಆ ಹಿಗ್ಗು ಇಳಿದದ್ದು ಒಂದು ಸಂಕ್ರಾಂತಿ ಕಳೆದ ಮೇಲೆ, ಯಕ್ಷಿತಾ ಬಂದಾಗ.

ಯಕ್ಷಿತಾ ಮುಲುಂಡಿನಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯವರೊಬ್ಬರ ಮಗಳು. ಗೋರೆಗಾಂವ್‌ನ ಒಂದು ಕಂಪನಿಯಲ್ಲಿ ಅವಳ ಕೆಲಸ: ಯಾವ ಯೋಜನೆಗೆ ಎಷ್ಟು ಗಿಡ ಹೋಗುತ್ತವೆ, ಅದರ ಬದಲಿಗೆ ಎಲ್ಲಿ ಎಷ್ಟು ನೆಡಬೇಕು ಎಂದು ವರದಿ ಬರೆಯುವುದು. ಹೊಸ ರಸ್ತೆಯ ಸಲುವಾಗಿ ಖಾಡಿ ನೋಡಲು ಬಂದವಳಿಗೆ ದಾರಿ ತೋರಿಸಲು ಧರ್ಮಣ್ಣನನ್ನು ಕರೆಸಿದ್ದರು.

"ಅಂಕಲ್, ನನ್ನ ಕನ್ನಡ ಸ್ವಲ್ಪ ಕಚ್ಚಾ ಉಂಟು ಹಾಂ. ಮನೇಲಿ ತುಳು, ಬಾಕಿ ಎಲ್ಲ ಹಿಂದಿ," ಎಂದು ನಕ್ಕು ಬೂಟು ಕಳಚಿ ಕೆಸರಿಗೆ ಇಳಿದಳು. ಇಳಿದದ್ದು ನೋಡಿಯೇ ಧರ್ಮಣ್ಣನಿಗೆ ಅವಳ ಮೇಲೆ ಅಭಿಮಾನ ಹುಟ್ಟಿತು. ಹೆಮ್ಮೆಯಿಂದ ತೋಪಿಗೆ ಕರೆದೊಯ್ದ. ಎರಡಾಳೆತ್ತರದ ಗಿಡಗಳು, ಕೆಳಗೆ ಕೆಸರಿನಿಂದ ಮೇಲೆದ್ದ ಉಸಿರುಬೇರು, ನಡುವೆ ಸರಸರ ಓಡುವ ಏಡಿ. ಅವಳು ಬಗ್ಗಿ ಒಂದು ಉಸಿರುಬೇರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೈಯಲ್ಲಿದ್ದ ಟ್ಯಾಬ್ ಅವನ ಕಡೆ ತಿರುಗಿಸಿದಳು. ಹೊಸ ರಸ್ತೆಯ ಪಟ್ಟಿ ತೋಪಿನ ನಟ್ಟನಡುವೆ ಹಾಯ್ದಿತ್ತು.

ಧರ್ಮಣ್ಣ ಆ ಪಟ್ಟಿಗೆ ಅಡ್ಡ ಕೈ ಹಿಡಿದ. "ಯವ್ವಾ, ಇವು ತಾನ ಹುಟ್ಟಿದ್ದಲ್ಲ. ನಾವ ನೆಟ್ಟದ್ದು. ಸೇತುವಿ ಬದ್ಲಿಗೆ ನೆಟ್ಟದ್ದು," ಅಂದ.

ಅವಳ ಮುಖ ಅರಳಿತು. "ಸಚ್ಚೀ? ಹಾಗಾದ್ರೆ ಚಾನ್ಸ್ ಉಂಟು ಅಂಕಲ್. ಒಂದ್ಸಲ ಬದಲಿಗೆ ಅಂತ ನೆಟ್ಟ ಗಿಡ ಮತ್ತೆ ಕಡೀಲಿಕ್ಕೆ ಈಸಿ ಇಲ್ಲ. ರೋಡ್ ಶಿಫ್ಟ್ ಮಾಡಿ ಅಂತ ನಾನು ಬರೀಬಹುದು. ರೆಕಾರ್ಡ್ ಮಾತ್ರ ಬೇಕು."

ನಾಲ್ಕು ದಿನ ಧರ್ಮಣ್ಣ ಗೆರೆಯ ನೆನಪೇ ಇಲ್ಲದೆ ಆಸೆಯಲ್ಲಿ ಬದುಕಿದ. ಐದನೆಯ ದಿನ ಅವಳ ಫೋನು ಬಂತು. ರೆಕಾರ್ಡ್ ಸಿಕ್ಕಿತ್ತು. ಅದರ ಪ್ರಕಾರ ನಾಲ್ಕು ಸಾವಿರ ಗಿಡಗಳು ಗೆರೆಯೊಳಗಿನ ತಗ್ಗಿನಲ್ಲಿ ಸೊಂಪಾಗಿ ಬೆಳೆದು ನಿಂತಿದ್ದವು. ತೋಪು ಯಾರೂ ನೆಡದೆ ತಾನಾಗಿ ಹುಟ್ಟಿದ ಪೊದೆ. ರಸ್ತೆಗೆ ಅಡ್ಡ ಬಂದರೆ ಕಡಿಯಬಹುದಾದ ಪೊದೆ.

ಅಂದು ಸಂಜೆ ಚಾಳಿನಲ್ಲಿ ಕಸ್ತೂರಿಬಾಯಿ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. "ಮಾಡಿದ್ದುಣ್ಣೋ ಮಹಾರಾಯ. ಹೋಗಿ ಖರೇ ಹೇಳ್ರಿ," ಅಂದಳು. ರೊಟ್ಟಿ ಹಂಚಿಗೆ ಹಾಕಿ, "ನಾನೂ ಬರ್ತೀನಿ. ಅಂದು ಬುಟ್ಟಿ ಇಳಸದ ನಿಂತಾಕಿ ನಾನ ಅಲ್ಲೇನು?" ಅಂದಳು.

ಇಬ್ಬರೂ ಆ ರೆಕಾರ್ಡ್ ಇದ್ದ ಸರಕಾರಿ ಕಚೇರಿಗೆ ಹೋದರು. ಯಕ್ಷಿತಾ ಜೊತೆಗಿದ್ದಳು. ಕಚೇರಿಯ ಅಧಿಕಾರಿ ಕೆಟ್ಟವನಲ್ಲ. ಚಹಾ ತರಿಸಿ, ಕಸ್ತೂರಿಬಾಯಿಗೆ ಕುರ್ಚಿ ಹಾಕಿಸಿ, ಧರ್ಮಣ್ಣ ಹಿಂದಿಯಲ್ಲಿ ತಡವರಿಸಿ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದ. ಅವನು ಹೇಳಿದ್ದೂ ಮೆತ್ತಗೇ. ನಿಮ್ಮ ಮಾತು ನಿಜವೇ ಇರಬಹುದು. ಆದರೆ ಆ ತೋಪನ್ನು ನೀವು ನೆಟ್ಟದ್ದು ಅಂತ ಬರೆದರೆ ಗೆರೆಯೊಳಗಿನ ಜಾಗ ಹನ್ನೆರಡು ವರ್ಷದಿಂದ ಖಾಲಿ ಅಂತಲೂ ಬರೆಯಬೇಕಾಗುತ್ತದೆ. ಅದು ಖಾಲಿಯಾದರೆ ಆ ಸೇತುವೆಗೆ ಕೊಟ್ಟ ಪರವಾನಗಿ ಸುಳ್ಳಾಗುತ್ತದೆ. ದಿನಾ ಸಾವಿರಾರು ಗಾಡಿ ಓಡುವ ಸೇತುವೆಯನ್ನು ಈಗ ಏನು ಮಾಡೋಣ, ಹೇಳಿ?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೈ ಮುಗಿದು ಕೂತಿದ್ದ.

"ಬಂದು ಕಣ್ಣಿಲೆ ನೋಡ್ರಿ ಸಾಹೇಬ್ರ," ಎಂದು ಕಸ್ತೂರಿಬಾಯಿ ಕನ್ನಡದಲ್ಲೇ ಅಂದಳು. ಯಕ್ಷಿತಾ ಅದನ್ನು ಹಿಂದಿಗೆ ತಿರುಗಿಸಿದಳು. ಅಧಿಕಾರಿ ನೋಡಲು ಬರುವುದಿಲ್ಲವೆಂದು ತಲೆಯಾಡಿಸಿದ. ನೋಡಿದರೆ ಬರೆಯಬೇಕಾಗುತ್ತದಲ್ಲ.

ಯಕ್ಷಿತಾ ಆದರೂ ಬರೆದಳು. ಅವಳ ಕರಡಿನಲ್ಲಿ ತೋಪಿನ ಬಗ್ಗೆ ಒಂದು ಪುಟವಿತ್ತು, ಅಂತಿಮ ವರದಿಯಲ್ಲಿ ಇರಲಿಲ್ಲ. ಬಾಸ್ ತೆಗೆದರು ಎಂದು ಹೇಳುವಾಗ ಮುಲುಂಡ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು ಅತ್ತುಬಿಟ್ಟಳು. ಧರ್ಮಣ್ಣ ಅವಳಿಗೆ ಸಮಾಧಾನ ಹೇಳಿದ. ಅವನಿಗೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಇನ್ನು ಉಳಿದದ್ದು ಬದಲಿ ಜಾಗ. ತೋಪಿನ ನಾಲ್ಕು ಸಾವಿರಕ್ಕೆ ಹನ್ನೆರಡು ಸಾವಿರ. ನೆಡಲು ಯೋಗ್ಯವಾದ ದಿಬ್ಬಗಳೆಲ್ಲ ಒಂದೋ ರಸ್ತೆಯ ಪಾಲು, ಇಲ್ಲವೇ ಕಾಗದದ ಮೇಲೆ ಆಗಲೇ ಭರ್ತಿ. ಕೊನೆಗೆ ವರದಿಯಲ್ಲಿ ಗೆರೆ ಬಿದ್ದದ್ದು ಹಳೆಯ ತಗ್ಗಿನ ಪಕ್ಕದ ತಗ್ಗಿಗೆ. ಎರಡಕ್ಕೂ ನಡುವೆ ಒಂದು ಬದು ಕೂಡ ಇಲ್ಲ. ಆ ಗೆರೆ ಎಳೆದವಳು ಯಕ್ಷಿತಾಳೇ. ಅವಳು ಎಳೆಯದಿದ್ದರೆ ಪಕ್ಕದ ಟೇಬಲಿನವರು ಎಳೆಯುತ್ತಿದ್ದರು.

ನೆಡುವ ಕೆಲಸ ಧರ್ಮಣ್ಣನ ಗ್ಯಾಂಗಿಗೇ ಬಂತು. ಬೀಜ ಅದೇ ಖಾಡಿಯದಾಗಿರಬೇಕು ಎಂಬ ಶರತ್ತೂ ಇತ್ತು. ಶ್ರಾವಣದಲ್ಲಿ ಗಂಡ ಹೆಂಡತಿ ಇಬ್ಬರೂ ತೋಪಿಗೆ ಹೋಗಿ, ಬಾದಾಮಿಯಷ್ಟು ದಪ್ಪದ ಹಸಿರು ಬೀಜಗಳನ್ನು ಚೀಲಕ್ಕೆ ತುಂಬಿದರು. ಆ ವರ್ಷ ಗಿಡಗಳು ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿದ್ದವು. ಕಸ್ತೂರಿಬಾಯಿ ಬಾಣಂತಿಯ ಮೈ ಮುಟ್ಟುವ ಹಾಗೆ ಒಂದೊಂದೇ ಕೊಂಬೆ ಬಗ್ಗಿಸಿ ಬಿಡಿಸುತ್ತಿದ್ದಳು. ದಸರೆ ಮುಗಿದ ವಾರ ಯಂತ್ರಗಳು ಬಂದವು. ಹನ್ನೆರಡು ವರ್ಷದ ತೋಪು ಎರಡು ದಿನದಲ್ಲಿ ಚಪ್ಪಟೆಯಾಯಿತು. ಧರ್ಮಣ್ಣ ನೋಡಲು ಹೋಗಲಿಲ್ಲ. ನರ್ಸರಿಯಲ್ಲಿ ಕೂತು ಚೀಲದ ಸಸಿಗಳಿಗೆ ನೀರು ಹಾಕಿದ.

ಚಳಿ ಕಳೆದ ಮೇಲೆ ನೆಡಲು ಇಳಿದರು. ಈ ಸಲ ದೋಣಿಯ ಸಾಹೇಬರಿಲ್ಲ. ಪ್ರತಿ ಸಾಲಿನ ತುದಿಗೂ ಕೆಂಪು ಬಾವುಟ, ಪ್ರತಿ ಸಾಲಿಗೂ ಮೊಬೈಲಿನಲ್ಲಿ ಫೋಟೋ. ಸಸಿ ನಿಂತ ಜಾಗ ಫೋಟೋದ ಜೊತೆಗೇ ದಾಖಲಾಗುತ್ತಿತ್ತು. ನೀರು ಆಗಲೇ ಮೀನಖಂಡ ಮುಟ್ಟುತ್ತಿತ್ತು, ಇಳಿಯುವ ಲಕ್ಷಣವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಧರ್ಮಣ್ಣ ತಲೆ ಎತ್ತಿದಾಗ ಕಸ್ತೂರಿಬಾಯಿ ಸಾಲಿನಲ್ಲಿರಲಿಲ್ಲ. ಬಾವುಟದ ಆಚೆ, ಒಂದು ಗುಡಾರದಷ್ಟು ಅಗಲದ ಸಣ್ಣ ದಿನ್ನೆಯ ಮೇಲೆ, ಬಗ್ಗಿ ಸಸಿ ನೆಡುತ್ತಿದ್ದಳು. ಆಗಲೇ ಏಳು ನೆಟ್ಟಿದ್ದಳು. ಅವನು ಕೆಸರು ತುಳಿಯುತ್ತ ಹತ್ತಿರ ಹೋದ.

"ಗೆರಿ ಬಿಟ್ಟು ಬಂದಿ."

"ಇಲ್ಲಿ ಬದುಕ್ತಾವ್ರಿ," ಅಂದಳು ಅವಳು, ತಲೆ ಎತ್ತದೆ.

"ಬದುಕ್ತಾವ. ಅದಕ್ಕ ಬ್ಯಾಡ ಅಂತೀನಿ."

ಅವಳು ಈಗ ಅವನ ಮುಖ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವಳ ಕೈಯ ಸಸಿಯನ್ನು ಅವನು ಮುಟ್ಟಿದವನಲ್ಲ.

"ಹನ್ನೆರಡು ವರ್ಷ ಬೆಳಸಿ ಮತ್ತೊಮ್ಮೆ ಕಡಿಯಾಕ ಕೊಡೂ ಶಕ್ತಿ ನನಗಿಲ್ಲ," ಅಂದ. "ಅಲ್ಲಿ ಆದ್ರ ಈಗ ಸಾಯ್ತಾವ. ಸಣ್ಣವಿದ್ದಾಗ ಸಾಯ್ತಾವ."

ಕಸ್ತೂರಿಬಾಯಿ ಬುಟ್ಟಿಯನ್ನು ಅವನ ಕಡೆ ಸರಿಸಿದಳು. ಧರ್ಮಣ್ಣ ಬಗ್ಗಿ ಏಳೂ ಸಸಿಗಳನ್ನು ಬೇರು ಹರಿಯದ ಹಾಗೆ ಎಚ್ಚರದಿಂದ ಕಿತ್ತ. ಬಾವುಟದ ಒಳಗೆ ತಂದು, ಸಾಲು ಹಿಡಿದು, ಒಂದೊಂದಾಗಿ ನೀರಿನ ಕೆಳಗೆ ನೆಟ್ಟ. ಗ್ಯಾಂಗಿನವನೊಬ್ಬ ಬಂದು ಫೋಟೋ ತೆಗೆದುಕೊಂಡ.