ಇಳಿಜಾರಿಗೆ ಮುಂಚೆ

ಹೊಳೆಯುವ ಬಂಪರಿನಲ್ಲಿ ಮನುಷ್ಯನ ಮುಖ ಅಡ್ಡಡ್ಡ ಹಿಗ್ಗಿ ಕಾಣುತ್ತದೆ. ಕೆನ್ನೆ ಉಬ್ಬಿರುತ್ತದೆ, ಹಣೆ ಚಪ್ಪಟೆಯಾಗಿರುತ್ತದೆ, ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ದೂರ ಸರಿದಿರುತ್ತವೆ. ಡಾಕ್ಟರ್ ನೇಮಿನಾಥರ ನೀಲಿ ಕಾರಿನ ಬಂಪರಿನಲ್ಲಿ ನನ್ನ ಮುಖ ಮೊದಲ ಸಲ ಹಾಗೆ ಕಂಡಾಗ ನಾನು ಅದನ್ನು ನೋಡಲೆಂದು ಬಗ್ಗಿರಲಿಲ್ಲ. ಲೇಪದಲ್ಲಿ ಎಲ್ಲಾದರೂ ಒಂದು ಗುಳ್ಳೆ, ಒಂದು ಗೀರು ಸಿಕ್ಕೀತೇ ಎಂದು ಹುಡುಕುತ್ತಿದ್ದೆ. ಸಿಗಲಿಲ್ಲ.

ನಮ್ಮ ಊರಿನಲ್ಲಿ ಹಳೆಯ ಕಾರುಗಳ ಹುಚ್ಚು ಹಿಡಿದವರು ಹದಿನೈದಿಪ್ಪತ್ತು ಮಂದಿ ಇದ್ದೆವು. ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಪಕ್ಕದ ಮೈದಾನದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಾನೆಟ್ ಎತ್ತಿ, ಚಹಾ ಕುಡಿಯುತ್ತ ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ತಲೆ ಹಾಕುತ್ತಿದ್ದೆವು. ಉಳಿದವರವು ಸಣ್ಣ ಕಾರುಗಳು. ನನ್ನದೊಂದೇ ಅಮೆರಿಕದ್ದು. ಅಣೆಕಟ್ಟು ಕಟ್ಟಲು ಬಂದಿದ್ದ ಅಲ್ಲಿನ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಬಿಟ್ಟುಹೋದದ್ದು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರು. ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಅದನ್ನು ಕೊಂಡು, ನನ್ನ ಮುದ್ರಣಾಲಯದ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ಎಂಜಿನ್ ಚಾಲೂ ಮಾಡಿದರೆ ನೆಲದ ನಡುಕ ಅಂಗಾಲಿಗೆ ತಿಳಿಯುತ್ತಿತ್ತು. ಜನ ಚಹಾದ ಲೋಟ ಹಿಡಿದುಕೊಂಡೇ ನನ್ನ ಕಡೆ ಬಂದುಬಿಡುತ್ತಿದ್ದರು. ಆ ರುಚಿ ನನಗೆ ಹತ್ತಿತ್ತು.

ಆದರೆ ಕಾರು ಮುಗಿದಿರಲಿಲ್ಲ. ಮೂಲದ ಹಸಿರು ಬಣ್ಣ ಸಿಗುವ ತನಕ ಬೇರೆ ಬಣ್ಣ ಹಚ್ಚಿಸುವುದಿಲ್ಲವೆಂದು ಹಟ ಹಿಡಿದಿದ್ದರಿಂದ ಅದು ಬಣ್ಣಕ್ಕೆ ಮೊದಲು ಬಳಿಯುವ ಬೂದು ಪ್ರೈಮರಿನಲ್ಲೇ ಓಡಾಡುತ್ತಿತ್ತು. ಒಳಗೆ ಇದ್ದದ್ದು ಡ್ರೈವರನ ಸೀಟೊಂದೇ. ಪಕ್ಕದ ಸೀಟಿನ ಹೊದಿಕೆಯ ಕಂದು ಹೊಂದಲಿಲ್ಲವೆಂದು ಎರಡು ಸಲ ವಾಪಸು ಕಳಿಸಿದ್ದೆ. "ನಾನು ಮುದುಕಿಯಾಗುವುದರೊಳಗೆ ಒಂದು ಮಣೆಯಾದರೂ ಹಾಕಿ, ಕೂತು ಬರುತ್ತೇನೆ," ಎಂದು ನನ್ನ ಹೆಂಡತಿ ವಾರಿಜಾ ನಗುತ್ತಿದ್ದಳು. ಹನ್ನೊಂದು ವರ್ಷ ನನ್ನ ಅಂಗಿಗಳ ಗ್ರೀಸ್ ಕಲೆ ತಿಕ್ಕಿದವಳು ಆ ಕಾರಿನಲ್ಲಿ ಒಮ್ಮೆಯೂ ಕೂತಿರಲಿಲ್ಲ.

ನನಗೆ ಈ ಕೆಲಸ ಕಲಿಸಿದವರು ಮೌಲಾಸಾಬರು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗೆ, ತುದಿಯನ್ನು ಎಂಜಿನ್ನಿಗೆ ಆನಿಸಿ, ಕಣ್ಣು ಮುಚ್ಚಿ, ಯಾವ ಸಿಲಿಂಡರು ಸೊರಗಿದೆಯೆಂದು ಹೇಳುತ್ತಿದ್ದರು. ಊರಿನವರಿಗೆಲ್ಲ 'ಸ್ವಾಮಿ', 'ಸಾಹೇಬರೇ' ಎನ್ನುತ್ತಿದ್ದ ಅವರು ನನ್ನೊಬ್ಬನನ್ನು 'ತಮ್ಮಾ' ಎಂದು ಕರೆಯುತ್ತಿದ್ದರು.

ನೇಮಿನಾಥರು ಊರಿಗೆ ವರ್ಗವಾಗಿ ಬಂದ ದನದ ಡಾಕ್ಟರು. ಹೆಂಡತಿ ತೀರಿಕೊಂಡಿದ್ದರು, ಜೊತೆಗೆ ಹತ್ತು ವರ್ಷದ ಮಗಳು ಅನುಪಮಾ. ಹಸು ನೋಡಲು ಹೋದ ಯಾವುದೋ ಹಳ್ಳಿಯಲ್ಲಿ ಹುಲ್ಲಿನ ಬಣವೆಯ ಹಿಂದೆ ಅವರಿಗೊಂದು ಕಾರು ಸಿಕ್ಕಿತು. ಅದೇ ಎಂಜಿನಿಯರುಗಳ ತಂಡದ್ದು. ನನ್ನ ಕಾರಿನ ಅದೇ ಮಾದರಿ, ಅದೇ ವರ್ಷ.

ಹದಿನಾಲ್ಕೇ ತಿಂಗಳಲ್ಲಿ ಅವರು ಅದನ್ನು ಮುಗಿಸಿದರು. ಬಸ್ಸಿನ ಸೀಟು ಹೊಲಿಯುವವನಿಂದ ಸೀಟು ಹೊಲಿಸಿದರು. ಮಗಳು ಆರಿಸಿದಳೆಂದು ಕಡುನೀಲಿ ಬಣ್ಣ ಹಚ್ಚಿಸಿದರು. ಆ ಕಂಪನಿ ಆ ವರ್ಷ ಅಂಥ ನೀಲಿಯನ್ನು ಬಳಸಿಯೇ ಇರಲಿಲ್ಲ! ಇದನ್ನು ನಾನು ಮೈದಾನದಲ್ಲಿ ಮೂರು ಮಂದಿಗೆ ಬೇರೆ ಬೇರೆಯಾಗಿ ಹೇಳಿದೆ. ಮೂವರೂ ತಲೆಯಾಡಿಸಿ ನೀಲಿ ಕಾರಿನ ಕಡೆಗೇ ಹೋದರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಒಂದು ಭಾನುವಾರ ಉಸ್ತಾದರು ಆ ಕಾರಿನ ಎಂಜಿನ್ನಿಗೆ ಕಿವಿಯಾನಿಸಿ, ಕಣ್ಣು ತೆರೆದು, "ಚೆನ್ನಾಗಿ ಉಸಿರಾಡ್ತಿದೆ, ತಮ್ಮಾ," ಎಂದರು. ನಾನು ಹಿಂದೆಯೇ ನಿಂತಿದ್ದೆ. ನನಗೇ ಹೇಳಿದರೆಂದುಕೊಂಡು "ಹೌದು ಉಸ್ತಾದ್" ಎಂದುಬಿಟ್ಟೆ. ಅವರು ಹೇಳಿದ್ದು ನೇಮಿನಾಥರಿಗೆ.

ಅದಾಗಿ ಕೆಲವು ದಿನಗಳಿಗೆ ನೇಮಿನಾಥರು ಮುದ್ರಣಾಲಯಕ್ಕೆ ಬಂದರು. "ಮುಂದಿನ ಚಕ್ರದ ಬ್ರೇಕಿನ ರಬ್ಬರ್ ಪೈಪು ಹಳೇದೇ ಇದೆ. ಮೇಲುಗಡೆ ಸಣ್ಣಗೆ ಬಿರಿದಿದೆ. ನಿಮ್ಮ ಹತ್ತಿರ ಹೆಚ್ಚಿನದು ಇದ್ದರೆ…" ಎಂದರು.

ಹಡಗಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬನಿಂದ ನಾನು ಎರಡು ವರ್ಷದ ಹಿಂದೆಯೇ ನಾಲ್ಕು ತರಿಸಿದ್ದೆ. ಎರಡು ಹಾಕಿದ್ದೆ, ಇನ್ನೆರಡು ಪೊಟ್ಟಣ ಒಡೆಯದೆ ಡಿಕ್ಕಿಯಲ್ಲಿದ್ದವು.

"ಇಲ್ಲ ಡಾಕ್ಟರೇ, ಇದ್ದಿದ್ದರೆ ಕೊಡದೇ ಇರುತ್ತಿದ್ದೆನೇ?" ಎಂದೆ. ಆ ಕೊನೆಯ ಮಾತನ್ನು ಸೇರಿಸುವ ಅಗತ್ಯವೇ ಇರಲಿಲ್ಲ.

ವರ್ಷಕ್ಕೊಮ್ಮೆ ನಾವೆಲ್ಲ ಘಟ್ಟ ಹತ್ತಿ, ಮೇಲಿನ ಪ್ರವಾಸಿ ಬಂಗಲೆಯ ಅಂಗಳದಲ್ಲಿ ಊಟ ಮಾಡಿ, ಸಂಜೆಗೆ ಇಳಿದುಬರುವ ರೂಢಿಯಿತ್ತು. ಆ ವರ್ಷ ಹೊರಡುವ ಬೆಳಿಗ್ಗೆ ನೀಲಿ ಕಾರು ನನ್ನ ಕಾರಿನ ಮುಂದೆ ನಿಂತಿತ್ತು. ನೇಮಿನಾಥರು ಯಾರೊಂದಿಗೋ ಮಾತಿನಲ್ಲಿದ್ದರು. ನಾನು ಹಳೆಯ ಚಟದಂತೆ ಅದರ ಸುತ್ತ ಒಂದು ಸುತ್ತು ಹಾಕಿ ಮುಂದಿನ ಬಂಪರಿನ ಬಳಿ ಬಗ್ಗಿದೆ. ಹಿಗ್ಗಿದ ನನ್ನ ಮುಖ ಕಂಡಿತು. ಅದರ ಆಚೆ, ಎಡ ಚಕ್ರದ ಒಳಬದಿಯಲ್ಲಿ, ಟಯರಿನ ಮೇಲೆ ಒದ್ದೆಯ ಗೆರೆಯೊಂದು ಮಿನುಗುತ್ತಿತ್ತು. ಬೆರಳು ತಾಗಿಸಿ ಮೂಸಿದೆ. ಬ್ರೇಕ್ ಆಯಿಲ್. ಪೈಪಿನ ಬಿರುಕಿನಿಂದ ಜಿನುಗುತ್ತಿತ್ತು.

ಆ ಕಾಲದ ಆ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಆಯಿಲಿನ ದಾರಿ ಒಂದೇ. ಒಂದು ಕಡೆ ಪೈಪು ಒಡೆದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ನನಗೆ ಇದು ಗೊತ್ತಿತ್ತು. ನಾನು ಎದ್ದು ನಿಂತು ಕರವಸ್ತ್ರಕ್ಕೆ ಬೆರಳು ಒರೆಸಿಕೊಂಡೆ. ಹತ್ತುವಾಗ ಬ್ರೇಕಿನ ಕೆಲಸ ಕಡಿಮೆ, ಏನೂ ಆಗುವುದಿಲ್ಲ ಎಂದುಕೊಂಡೆ. ಮೇಲೆ ಹೋಗುವಷ್ಟರಲ್ಲಿ ಪೆಡಲು ಮೆತ್ತಗಾಗಿ ಅವರಿಗೇ ತಿಳಿಯುತ್ತದೆ, ಆಗ ಹೊಳೆಯುವ ಕಾರನ್ನು ಎಲ್ಲರೆದುರು ಲಾರಿಗೆ ಕಟ್ಟಿ ಇಳಿಸಬೇಕಾಗುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ, ಆ ಲಾರಿ, ಆ ಹಗ್ಗ. ಹಾಗೆಂದು ನಾನು ಈಗಲೂ ನಂಬಲು ನೋಡುತ್ತೇನೆ. ಅಷ್ಟರಲ್ಲಿ ಅನುಪಮಾ ಓಡಿಬಂದು ತಂದೆಯ ಪಕ್ಕದ ಸೀಟಿನಲ್ಲಿ ಕೂತಳು. ನನ್ನನ್ನು ನೋಡಿ ಕೈ ಬೀಸಿದಳು. ನಾನೂ ಬೀಸಿದೆ.

ನೀಲಿ ಕಾರು ಒಂದು ಕೆಮ್ಮೂ ಇಲ್ಲದೆ ಘಟ್ಟ ಹತ್ತಿತು. ಬಂಗಲೆಯ ಅಂಗಳದಲ್ಲಿ ಎಲ್ಲರೂ ಅದರ ಸುತ್ತಲೇ ನೆರೆದರು. ಯಾರೂ ಲಾರಿ ಕರೆಸುವ ಮಾತಾಡಲಿಲ್ಲ.

ಇಳಿಯುವ ಹೊತ್ತಾಯಿತು. ವಾರಿಜಾ ಸೇರಿದಂತೆ ಹೆಂಗಸರೆಲ್ಲ ಬಂದದ್ದು ಬಾಡಿಗೆ ವ್ಯಾನಿನಲ್ಲಿ. ವ್ಯಾನಿನಲ್ಲಿ ಹಾಡು ಹೇಳುತ್ತಾರೆಂದು ಅನುಪಮಾ ಅದಕ್ಕೆ ಹತ್ತಿದಳು. ನೇಮಿನಾಥರ ಪಕ್ಕದ ಸೀಟು ಖಾಲಿಯಾಯಿತು. "ಅಕ್ಕಾ, ನೀವು ಬನ್ನಿ. ಇಂಥ ಕಾರಲ್ಲಿ ಒಮ್ಮೆಯೂ ಕೂತಿಲ್ಲ ಅಂತಿದ್ದಿರಲ್ಲ," ಎಂದು ಅವರು ವಾರಿಜಾಳನ್ನು ಕರೆದರು.

ಅವಳು ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದುದನ್ನು ಒಪ್ಪಿಗೆಯೆಂದುಕೊಂಡಳೋ ಏನೋ, ಸೆರಗು ಸರಿಮಾಡಿಕೊಂಡು, ಚಪ್ಪಲಿಯ ಮಣ್ಣು ಕೊಡವಿ, ದೇವರ ಮನೆಗೆ ಕಾಲಿಡುವಂತೆ ಒಳಗೆ ಕೂತಳು. ಬಾಗಿಲು ಮುಚ್ಚಿಕೊಂಡಿತು. ಎಂಜಿನ್ ಗುಡುಗಿತು.

"ನಿಲ್ಲಿಸಿ!"

ಆ ಕೂಗು ನನ್ನದೆಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಓಡಿಹೋಗಿ ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ನಿಂತಿದ್ದೆ. "ಬ್ರೇಕ್ ಪೈಪು ಸೋರುತ್ತಿದೆ. ಎಡಗಡೆಯದು. ಘಟ್ಟ ಇಳಿಯಬೇಡಿ."

ನೇಮಿನಾಥರು ಎಂಜಿನ್ ಆರಿಸಿ ಕೆಳಗಿಳಿದರು. ಉಸ್ತಾದರು ನೆಲಕ್ಕೆ ಮಲಗಿ ಚಕ್ರದೊಳಗೆ ಕೈ ಹಾಕಿದರು. ಹೊರಗೆ ಬಂದ ಕೈ ಮಣಿಕಟ್ಟಿನವರೆಗೆ ಒದ್ದೆಯಾಗಿತ್ತು. "ಎರಡು ತಿರುವು ದಾಟ್ತಿರಲಿಲ್ಲ," ಎಂದರು. ಆಮೇಲೆ ನನ್ನನ್ನು ನೋಡಿದರು. "ನೀನು ಮಲಗಿ ನೋಡಲಿಲ್ಲವಲ್ಲ. ನಿಂತಲ್ಲಿಂದ ಇದು ಕಾಣೋದಿಲ್ಲ. ಯಾವಾಗ ನೋಡಿದೆ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಬೆಳಿಗ್ಗೆ," ಎಂದೆ.

ನೇಮಿನಾಥರ ಮುಖದ ಬಣ್ಣ ನಿಧಾನವಾಗಿ ಇಳಿಯಿತು. "ಬೆಳಿಗ್ಗೆ ನನ್ನ ಮಗಳು ಕೂತಿದ್ದಳು," ಎಂದರು.

"ಈ ಗುಡ್ಡದ ಮೇಲೆ ಇಂಥ ಪೈಪು ಎಲ್ಲಿಂದ ತರೋದು?" ಎಂದು ಯಾರೋ ಕೇಳಿದರು. ನಾನು ನನ್ನ ಕಾರಿಗೆ ಹೋಗಿ ಡಿಕ್ಕಿ ತೆಗೆದೆ. ಪೊಟ್ಟಣದ ಮೇಲೆ ಧೂಳಿತ್ತು. ಉಸ್ತಾದರು ಅದನ್ನು ತಿರುಗಿಸಿ ನೋಡಿ, ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ನೇಮಿನಾಥರೂ ನೋಡಿದರು.

"ಅರ್ಧ ಇಂಚಿನ ಸ್ಪ್ಯಾನರ್ ಕೊಡಿ, ಸ್ವಾಮಿ," ಎಂದರು ಉಸ್ತಾದರು ನನಗೆ.

ಪೈಪು ಬದಲಾಯಿಸಿ, ಹೊಸ ಆಯಿಲ್ ತುಂಬಿ, ಒಳಗಿನ ಗಾಳಿ ತೆಗೆಯಬೇಕಿತ್ತು. ಒಬ್ಬರು ಚಕ್ರದ ಬಳಿ, ಇನ್ನೊಬ್ಬರು ಪೆಡಲಿನ ಮೇಲೆ. ಅದು ಎಷ್ಟೋ ವರ್ಷ ಉಸ್ತಾದರೂ ನಾನೂ ಇಬ್ಬರೇ ಮಾಡಿದ್ದ ಕೆಲಸ. ನಾನು ನೀಲಿ ಕಾರಿನೊಳಗೆ ಹೋಗಿ ಕೂತೆ. ಆ ಕಾರಿನಲ್ಲಿ ನಾನು ಕೂತದ್ದು ಅದೊಂದೇ ಸಲ. ಸೀಟು ಮೆತ್ತಗಿತ್ತು, ಹೊಲಿಗೆ ನೇರವಾಗಿತ್ತು.

"ಒತ್ತಿ," ಎಂದಿತು ಕೆಳಗಿನಿಂದ ದನಿ. "ಹಿಡೀರಿ. ಬಿಡಿ. ಒತ್ತಿ."

ವಾರಿಜಾ ಇನ್ನೂ ಪಕ್ಕದ ಸೀಟಿನಲ್ಲೇ ಇದ್ದಳು; ಇಳಿದಿರಲಿಲ್ಲ. ಗಾಜಿನಾಚೆ ನೋಡುತ್ತಲೇ ಮೆಲ್ಲಗೆ ಕೇಳಿದಳು: "ನಾನು ಹತ್ತದೇ ಇದ್ದಿದ್ದರೆ ಹೇಳ್ತಿದ್ರಾ?"

"ಹೇಳ್ತಿದ್ದೆ."

"ಬೆಳಿಗ್ಗೆ ಆ ಮಗು ಹತ್ತಿದಾಗ ಹೇಳಲಿಲ್ಲವಲ್ಲ."

"ಒತ್ತಿ," ಎಂದರು ಉಸ್ತಾದರು. ನಾನು ಒತ್ತಿದೆ. ಪೆಡಲು ಈಗ ಗಟ್ಟಿಯಾಗಿ ನಿಂತಿತು.

ಹೊರಡುವ ಮುಂಚೆ ನೇಮಿನಾಥರು ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಓಡಿಸಿ, ನಾಲ್ಕು ಸಲ ನಿಲ್ಲಿಸಿ ನೋಡಿದರು. ನನ್ನ ಮೇಲೆ ಕೂಗಾಡಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ; ಮುಂದಿನ ವರ್ಷಗಳಲ್ಲೂ ಹೇಳಲಿಲ್ಲ. ಎದುರಾದರೆ ನಮಸ್ಕಾರ, ಅಷ್ಟೇ. "ಬರ್ತೀರಾ ಅಕ್ಕಾ, ಅಥವಾ ವ್ಯಾನಿಗೆ ಹೋಗ್ತೀರಾ?" ಎಂದು ವಾರಿಜಾಳನ್ನು ಕೇಳಿದರು.

"ನಿಮ್ಮ ಜೊತೆಗೇ ಬರ್ತೀನಿ," ಎಂದಳು ಅವಳು. ಈ ಸಲ ನನ್ನ ಕಡೆ ನೋಡಲಿಲ್ಲ.

ಅವರ ಹಿಂದೆ ನಾನು ಹೊರಟೆ. ಹೊತ್ತು ಮುಳುಗುತ್ತಿತ್ತು, ಕಣಿವೆಯಲ್ಲಿ ಆಗಲೇ ನೆರಳು ತುಂಬಿತ್ತು. ಪ್ರತಿ ತಿರುವು ಬಂದಾಗಲೂ ಮುಂದಿನ ಕಾರಿನ ಹಿಂಬದಿಯ ಕೆಂಪು ದೀಪಗಳೆರಡೂ ಹೊತ್ತಿಕೊಳ್ಳುತ್ತಿದ್ದವು. ಅವು ಹೊತ್ತುವ ತನಕ ನಾನು ಉಸಿರು ಹಿಡಿಯುತ್ತಿದ್ದೆ. ಹೊತ್ತಿದವು, ಆರಿದವು, ಮತ್ತೆ ಹೊತ್ತಿದವು. ಕೆಳಗಿನ ಬಯಲು ಬರುವವರೆಗೂ ಹಾಗೆಯೇ, ಒಂದೊಂದು ತಿರುವಿನಲ್ಲೂ.