ಅಳತೆ ತೆಗೆಯುವಾಗ ಬಾಗಿಲು ತೆರೆದಿರಲಿ

ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ಟೈಲರ್ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಮಿಷನ್ನಿನ ಬಲಕ್ಕೆ ಕತ್ತರಿಸಿಟ್ಟ ನೀಲಿ ಬಟ್ಟೆಯ ರಾಶಿ, ಎಡಕ್ಕೆ ಕಾಜಾ ಹಾಕಬೇಕಾದ ಅಂಗಿಗಳ ರಾಶಿ, ನಡುವೆ ಟೈಲರ್. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವಷ್ಟು ಹೊತ್ತು ಮಾತ್ರ ಅವನು ಸುಮ್ಮನಿರುತ್ತಾನೆ. ತೆಗೆದನೆಂದರೆ ಮಗಳ ಸುದ್ದಿ ಶುರು.

ಮಗಳಿಗೆ ಓಣಿಯವರು ಇಟ್ಟ ಹೆಸರು ಸೂಜಿ. ಕಡ್ಡಿಯಂಥ ಮೈ, ಚುಚ್ಚುವ ಮಾತು. ಆ ವರ್ಷ ಅವಳಿಗೆ ಒಂದು ಸಂಸ್ಥೆಯ ವಿದ್ಯಾರ್ಥಿವೇತನ ಸಿಕ್ಕಿತ್ತು. ಕಾಲೇಜು ಮುಗಿಯುವವರೆಗೆ ಫೀಸು, ಪುಸ್ತಕ, ಬಸ್ ಪಾಸು ಎಲ್ಲವೂ ಅದರದ್ದೇ. ಓದಿಗೆ ದಾರಿ ತೋರಿಸಲು ಒಬ್ಬ ಮಾರ್ಗದರ್ಶಕರನ್ನೂ ಗೊತ್ತು ಮಾಡಿದ್ದರು. ಇಸ್ತ್ರಿ ಮುರಿಯದ ಅಂಗಿಯ, ಮೆಲುದನಿಯ ಮನುಷ್ಯ. ಮನೆಮಂದಿಗೆಲ್ಲ ಅವರು ‘ಸರ್’. ಒಂದು ದಿನ ಅಂಗಡಿಗೇ ಬಂದು ಮುರುಕು ಸ್ಟೂಲಿನ ಮೇಲೆ ಕೂತು ಹೋಗಿದ್ದರು. ಆ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂತರೆ ಟೈಲರ್‌ಗೆ ಈಗಲೂ ಕಸಿವಿಸಿ.

ಮಗಳಿಗೆ ಅವನು ಅಂದೇ ಬುದ್ಧಿ ಹೇಳಿದ್ದ: ಕೊಟ್ಟ ಕೈಗೆ ಎದುರು ಮಾತಾಡಬಾರದು, ಸರ್ ಏನು ಹೇಳಿದರೂ ಹೂಂ ಅನ್ನಬೇಕು. ಸೂಜಿ ಹೂಂ ಅಂದಿದ್ದಳು.

ಆ ಶನಿವಾರ ಮಧ್ಯಾಹ್ನ ಎದುರುಮನೆಯ ನರ್ಸಮ್ಮ ಡ್ಯೂಟಿಗೆ ಹೊರಟವಳು ಚಿಕ್ಕ ಮಗಳನ್ನು ಕರೆದುಕೊಂಡು ಬಂದಳು. ಸಮವಸ್ತ್ರ ಹೊಲಿಸಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು. ಅಳತೆ ತಗೊಂಡು ಮಗುವನ್ನು ನಾನೇ ಮನೆಗೆ ಕಳಿಸುತ್ತೇನೆ ಅಂತ ಟೈಲರ್ ಹೇಳಬಹುದೆಂದು ಅವಳು ಎಣಿಸಿದ್ದಳು. ಅವನು ಕುತ್ತಿಗೆಗೆ ನೇತುಬಿದ್ದ ಟೇಪನ್ನು ಮುಟ್ಟಲೂ ಇಲ್ಲ.

“ನೀನು ನಿಂತ್ಕೊಂಡ್ರೆ ಅಳತೆ, ಹೋದ್ರೆ ಇಲ್ಲ ತಂಗಿ,” ಅಂದ.

“ನಮ್ಮ ಕೂಸು ನಿಮ್ಮ ಕಣ್ಣೆದುರೇ ಬೆಳೆದಿದ್ದು. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬಲಿ ಅಣ್ಣ?”

“ನಂಬಿಕೆ ಮಾತಲ್ಲ ಇದು. ನಮ್ಮ ಕಸುಬಿನ ನೀತಿ.”

ಅದು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯ ನೀತಿ. ಹೆಣ್ಣುಮಗುವಾಗಲಿ ಗಂಡುಮಗುವಾಗಲಿ, ಮನೆಯವರು ಪಕ್ಕದಲ್ಲಿ ನಿಂತಿರಬೇಕು, ಬೀದಿ ಬಾಗಿಲು ತೆರೆದಿರಬೇಕು, ಟೇಪಿನ ಒಂದು ತುದಿ ತಾಯಿಯ ಕೈಯಲ್ಲಿರಬೇಕು. ಈ ನೀತಿಗಾಗಿ ಅವನು ಗಿರಾಕಿಗಳನ್ನು ಕಳೆದುಕೊಂಡಿದ್ದಾನೆ. ಅಷ್ಟು ದೊಡ್ಡ ಮಡಿವಂತಿಕೆಯಾ ಅಂತ ಬೈಸಿಕೊಂಡಿದ್ದಾನೆ. ಬಿಟ್ಟಿಲ್ಲ.

ನರ್ಸಮ್ಮ ನಕ್ಕು ಚೀಲ ಕೆಳಗಿಟ್ಟು ಟೇಪಿನ ತುದಿ ಹಿಡಿದಳು. ಹೋದರೆ ಒಂದು ಬಸ್ಸು ಹೋಯಿತು. ಅಳತೆ ನಡೆಯುತ್ತಿರುವಾಗ ಸೂಜಿ ಎಲ್ಲಿ ಅಂತ ಕೇಳಿದಳು. ಟೈಲರ್ ಎದೆಯುಬ್ಬಿಸಿ ಹೇಳಿದ: ಒಳಗೆ ತಯಾರಾಗುತ್ತಿದ್ದಾಳೆ. ಶನಿವಾರ ಶನಿವಾರ ಸರ್ ಮನೆಯಲ್ಲೇ ಪಾಠ. ಮೊದಲು ಊರ ಲೈಬ್ರರಿಯಲ್ಲಿತ್ತು, ಅಲ್ಲಿ ಗದ್ದಲವಂತೆ. ಗೆಳತಿಯರು ಜೊತೆಗಿದ್ದರೆ ಗಮನ ಹಾಳು, ಒಬ್ಬಳನ್ನೇ ಕಳಿಸಿ ಅಂದಿದ್ದಾರೆ. ನಮ್ಮಂಥವರ ಮಗಳಿಗೆ ಅಷ್ಟು ದೊಡ್ಡ ಮನುಷ್ಯ ಬಿಡುವು ಮಾಡಿಕೊಳ್ಳುವುದೆಂದರೆ ಸಾಮಾನ್ಯವೇ?

ನರ್ಸಮ್ಮನ ಕೈಯಿಂದ ಟೇಪಿನ ತುದಿ ಜಾರಿತು.

“ನನ್ನ ಮಗಳ ತೋಳಿನ ಅಳತೆಗೆ ನಾನು ಕಾವಲು ನಿಲ್ಲಬೇಕು. ನಿಮ್ಮ ಮಗಳು ಮುಚ್ಚಿದ ಮನೆಗೆ ಒಬ್ಬಳೇ ಹೋಗಬೇಕು. ಇದ್ಯಾವ ಸೀಮೆ ನೀತಿ ಅಣ್ಣ?”

ಟೈಲರ್‌ಗೆ ಸಿಟ್ಟು ಬಂತು. ದಾನ ಕೊಟ್ಟ ಆಕಳ ಹಲ್ಲು ಎಣಿಸುವ ಜಾತಿಯಲ್ಲ ನಾವು ಅಂದ. ಸಂಶಯಪಟ್ಟದ್ದಕ್ಕೆ ಅವರ ಮನಸ್ಸು ನೊಂದು ವೇತನ ನಿಂತುಹೋದರೆ, ನಾಳೆ ಸೂಜಿ ಈ ಮಿಷನ್ನಿನ ಮುಂದೆಯೇ ಕೂರಬೇಕಾಗುತ್ತದೆ, ಆಗ ನೀನು ಬರುತ್ತೀಯಾ ಅಂತಲೂ ಕೇಳಿದ. ಆ ಸಿಟ್ಟಿನ ಅಡಿಯಲ್ಲಿದ್ದುದು ಭಯವೆಂದು ನರ್ಸಮ್ಮನಿಗೆ ತಿಳಿಯಿತು. ಅವಳ ದೊಡ್ಡ ಮಗನೂ ಅದೇ ಸಂಸ್ಥೆಯ ವೇತನದಲ್ಲಿ ಓದುತ್ತಿದ್ದ. ಪೋಷಕರ ಸಭೆಗೆ ಅವಳು ಹೋಗಿದ್ದಳು. ಟೈಲರ್ ಬಟ್ಟೆಯ ರಾಶಿ ತೋರಿಸಿ ತಪ್ಪಿಸಿಕೊಂಡಿದ್ದ.

ಸಭೆಯಲ್ಲಿ ಸಂಸ್ಥೆಯವರೇ ಒತ್ತಿ ಹೇಳಿದ್ದನ್ನು ಅವಳು ಈಗ ಹೇಳಿದಳು. ಸಂಸ್ಥೆಯವರು ಯಾರೇ ಆಗಲಿ ಮಗುವನ್ನು ಒಂಟಿಯಾಗಿ, ಮರೆಯಲ್ಲಿ ಭೇಟಿಯಾಗುವಂತಿಲ್ಲ. ತಮ್ಮ ಮನೆಗೆ ಕರೆಯುವಂತಿಲ್ಲ. ಮನೆಯವರಿಗೆ ತಿಳಿಯದೆ ಮಗುವಿಗೆ ಮೆಸೇಜು ಮಾಡುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ. ಒಪ್ಪಿಗೆಯಿಲ್ಲದೆ ಫೋಟೋ ಕೂಡ ತೆಗೆಯುವಂತಿಲ್ಲ. ತಪ್ಪು ಕಂಡರೆ ಫೋನು ಮಾಡಲು ಮಕ್ಕಳ ರಕ್ಷಣೆಗೆಂದೇ ಒಬ್ಬ ಅಧಿಕಾರಿ ಇದ್ದಾರೆ.

“ಹಾಗಾದ್ರೆ ಸರ್ ಕೆಟ್ಟೋರು ಅಂತೀಯಾ?”

“ನಾನೆಲ್ಲಿ ಅಂದೆ? ನೀವು ಬಾಗಿಲು ತೆರೆದಿಟ್ಟು ಅಳತೆ ತಗೊಳ್ತೀರಿ. ನೀವು ಕೆಟ್ಟೋರು ಅಂತಾನಾ? ಒಳ್ಳೆಯೋರಿಗೆ ತೆರೆದ ಬಾಗಿಲು ಭಾರ ಆಗಲ್ಲ ಅಣ್ಣ. ಯಾರಿಗೆ ಭಾರ ಆಗುತ್ತೋ ಅವರ ಬಗ್ಗೆ ಯೋಚನೆ ಮಾಡಿ.”

ಟೈಲರ್ ಗುಂಡುಸೂಜಿಯೊಂದನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡ. ಒಳಗಿನ ಕೋಣೆಯ ಹೊಸ್ತಿಲಲ್ಲಿ ಗುಂಡಿ ಹಾಕುತ್ತ ಕೂತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು: “ಶನಿವಾರ ಬಂದ್ರೆ ಅವಳಿಗೆ ಹೊಟ್ಟೆನೋವು. ನಾನು ಪಾಠದ ಭಯ ಅಂದ್ಕೊಂಡಿದ್ದೆ.”

ಮೇಸ್ತ್ರಿ ಕಲಿಸಿದ ನೀತಿಯನ್ನು ಊರ ಮಕ್ಕಳಿಗೆಲ್ಲ ಪಾಲಿಸಿದವನು ಸ್ವಂತ ಮಗಳಿಗೆ ಮಾತ್ರ ಬಿಚ್ಚಿಹಾಕಿದ್ದ. ಇದು ಅವನೊಬ್ಬನ ತಪ್ಪಲ್ಲ. ಕೊಡುವವರ ಮುಂದೆ ಬೆನ್ನು ಬಾಗಿಸಿ ನಿಲ್ಲಬೇಕೆಂದು ಬಡವರಿಗೆ ತಲೆತಲಾಂತರದಿಂದ ಕಲಿಸಿದ್ದಾರೆ. ಋಣವೆಂಬ ಬೀಗವನ್ನು ನಾವೇ ನಮ್ಮ ಮಕ್ಕಳ ಬಾಯಿಗೆ ಹಾಕುತ್ತೇವೆ, ಬೀಗದ ಕೈಯನ್ನು ಕೊಟ್ಟವರ ಜೇಬಿಗೆ ಹಾಕುತ್ತೇವೆ. ಮಗು ಒಳಗೊಳಗೇ ಬೆದರಿದರೂ ನಮಗೆ ಕೇಳಿಸುವುದಿಲ್ಲ.

ನರ್ಸಮ್ಮ ಹೋಗುವ ಮುಂಚೆ ಆ ಅಧಿಕಾರಿಯ ನಂಬರು ಕೊಟ್ಟು, ಒಂದು ಮಾತು ಹೇಳಿಹೋದಳು: ಸೂಜಿಯನ್ನು ಪೊಲೀಸರ ಹಾಗೆ ವಿಚಾರಿಸಬೇಡಿ, ಅವಳು ಹೇಳಿದಷ್ಟು ಕೇಳಿ, ಹೇಳಿದ್ದನ್ನು ನಂಬಿ.

ಸೂಜಿ ಚೀಲ ಹೆಗಲಿಗೇರಿಸಿ ಹೊರಬಂದಾಗ ಅಪ್ಪ ಮಿಷನ್ ನಿಲ್ಲಿಸಿ ಕೂತಿದ್ದ. ಶಾಲೆಯ ಹಂಗಾಮಿನಲ್ಲಿ ಆ ಮಿಷನ್ ಹಗಲಲ್ಲಿ ನಿಂತದ್ದನ್ನು ಅವಳು ಕಂಡಿರಲಿಲ್ಲ.

“ಇವತ್ತು ಹೋಗೋದು ಬೇಡ ಮಗಳೇ,” ಅಂದ. “ಇನ್ಮೇಲೆ ನಿನಗೆ ಬೇಡ ಅನ್ಸಿದ ಕಡೆಗೆ ನಾನು ಕಳಿಸಲ್ಲ. ಕೊಟ್ಟೋರಿಗೆಲ್ಲ ಹೂಂ ಅನ್ನು ಅಂತ ಹೇಳಿದ್ದೆನಲ್ಲ, ಅದು ತಪ್ಪು. ಅದನ್ನ ವಾಪಸ್ ತಗೊಂಡೆ.”

ಸೂಜಿ ಚೀಲವನ್ನು ಎದೆಗೊತ್ತಿಕೊಂಡು ನಿಂತಳು. ಆಮೇಲೆ ಅಮ್ಮನ ಪಕ್ಕ ಹೊಸ್ತಿಲ ಮೇಲೆ ಕೂತು, ನೂಲು ಬಿಚ್ಚಿದ ಹಾಗೆ ಸ್ವಲ್ಪ ಸ್ವಲ್ಪವೇ ಹೇಳಿದಳು. ಸರ್ ಒಂದು ಕೈಗಡಿಯಾರ ಕೊಟ್ಟಿದ್ದರು, ಮನೆಯಲ್ಲಿ ಹೇಳಬೇಡ ಅಂದಿದ್ದರು. ಅದು ಚೀಲದ ತಳದಲ್ಲೇ ಇತ್ತು, ಒಮ್ಮೆಯೂ ಕಟ್ಟಿಕೊಂಡಿರಲಿಲ್ಲ. ಕಳೆದ ವಾರ ಕೋಣೆಯ ಬಾಗಿಲು ಹಾಕಿ, ತೀರಾ ಹತ್ತಿರ ಬಂದು ಕೂತಿದ್ದರು. ಹೊಟ್ಟೆನೋವೆಂದು ಸುಳ್ಳು ಹೇಳಿ ಅವಳು ಓಡಿ ಬಂದಿದ್ದಳು. ಇದು ನಮ್ಮಿಬ್ಬರ ಗುಟ್ಟು, ಯಾರಿಗಾದರೂ ಹೇಳಿದರೆ ವೇತನದ ಗತಿ ನಾನರಿಯೆ ಅಂತ ಮೆಸೇಜು ಬಂದಿತ್ತು.

“ನಿಮಗೆ ಹೇಳಿದ್ರೆ ಬೈತೀರಿ ಅಂದ್ಕೊಂಡೆ ಅಪ್ಪ.”

“ನಿನ್ನದೇನೂ ತಪ್ಪಿಲ್ಲ,” ಅಂದ ಟೈಲರ್. “ಓಡಿ ಬಂದೆಯಲ್ಲ, ಅದು ಜಾಣತನ.”

ಸರ್ ಮನೆಗೆ ಹೋಗಿ ಕೊರಳಪಟ್ಟಿ ಹಿಡಿಯಬೇಕೆಂದು ಅವನ ಕೈ ತುರಿಸುತ್ತಿತ್ತು. ಹೆಂಡತಿ ಬಿಡಲಿಲ್ಲ. ಆ ಮೆಸೇಜನ್ನು ಅಳಿಸಬೇಡ ಅಂತ ಮಗಳಿಗೆ ಹೇಳಿ, ನರ್ಸಮ್ಮ ಕೊಟ್ಟ ನಂಬರಿಗೆ ತಾನೇ ಫೋನು ಹಚ್ಚಿದಳು. ಟೈಲರ್ ಅವಳಿಂದ ಮೊದಲು ಕೇಳಿಸಿದ್ದು ಒಂದೇ ಪ್ರಶ್ನೆ: ವೇತನ ನಿಲ್ಲುತ್ತದಾ?

“ದೂರು ಕೊಟ್ಟ ಮಗುವಿನ ವೇತನ ನಾವು ನಿಲ್ಲಿಸಲ್ಲಮ್ಮ,” ಅಂದಿತು ಆ ಕಡೆಯ ದನಿ. “ನಿಲ್ಲಿಸೋದು ಅವರನ್ನ.”

ರಕ್ಷಣಾ ಅಧಿಕಾರಿ ಇನ್ನೊಬ್ಬ ಹೆಂಗಸಿನ ಜೊತೆ ಮನೆಗೇ ಬಂದರು. ಎಲ್ಲಿ ಕೂತು ಮಾತಾಡೋಣ, ಯಾರು ಜೊತೆಗಿರಲಿ ಅಂತ ಸೂಜಿಯನ್ನೇ ಕೇಳಿದರು. ಅಮ್ಮ ಇರಲಿ ಅಂದಳು. ಅವಳು ಹೇಳಿದ್ದನ್ನು ಒಮ್ಮೆ ಕೇಳಿಕೊಂಡರು; ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಲಿಲ್ಲ. ಓಣಿಗೆ ಸುದ್ದಿ ಹರಡಲಿಲ್ಲ. ಸರ್‌ನನ್ನು ಅವತ್ತೇ ಎಲ್ಲ ಮಕ್ಕಳಿಂದ ದೂರವಿಟ್ಟರು, ಕಾನೂನಿನಂತೆ ಪೊಲೀಸರಿಗೂ ತಿಳಿಸಿದರು. ಹುಡುಗಿಯ ಭವಿಷ್ಯ, ಸುಮ್ಮನಿದ್ದುಬಿಡಿ ಅನ್ನುವ ಮಾತು ಅಧಿಕಾರಿಯ ಬಾಯಿಂದ ಬರಲೇ ಇಲ್ಲ. ಸುಮ್ಮನಿದ್ದಿದ್ದರೆ ಆ ಬಾಗಿಲ ಹಿಂದೆ ಮುಂದಿನ ವರ್ಷ ಇನ್ನೊಂದು ಮಗು ಕೂತಿರುತ್ತಿತ್ತು.

ಈಗ ಸೂಜಿಗೆ ಹೊಸ ಮಾರ್ಗದರ್ಶಕಿ. ಪಾಠ ಮತ್ತೆ ಲೈಬ್ರರಿಯಲ್ಲೇ, ಬೀದಿಗೆ ಕಾಣುವ ಕಿಟಕಿಯ ಪಕ್ಕ, ಇಬ್ಬರು ಗೆಳತಿಯರ ಜೊತೆ. ಶನಿವಾರದ ಹೊಟ್ಟೆನೋವು ಹೋಗಿ ಶನಿವಾರದ ಹಸಿವು ಬಂದಿದೆ. ಪೋಷಕರ ಸಭೆಗೆ ಟೈಲರ್ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ಪ್ರಶ್ನೆ ಕೇಳಿ ಕೇಳಿ ಸಭೆಯನ್ನೇ ಹೊಲಿದುಬಿಡುತ್ತಾರೆ ನಮ್ಮಪ್ಪ ಅಂತ ಸೂಜಿ ಓಣಿಯಲ್ಲಿ ಆಡಿಕೊಳ್ಳುತ್ತಾಳೆ. ಅವಳ ಚುಚ್ಚುಮಾತು ವಾಪಸ್ ಬಂದದ್ದೇ ಅವನಿಗೆ ಸಂತೋಷ. ಮುರುಕು ಸ್ಟೂಲಿನ ಮೇಲೆ ಈಗ ಯಾರು ಬೇಕಾದರೂ ಕೂರಬಹುದು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮಗುವಿಗೂ ವಿದ್ಯಾರ್ಥಿವೇತನ ಸಿಕ್ಕಿರಬಹುದು. ಸಂತೋಷಪಡಿ, ಆದರೆ ತಲೆ ಬಾಗಿಸಬೇಡಿ. ಅದು ಯಾರೋ ಎಸೆದ ಭಿಕ್ಷೆಯಲ್ಲ, ನಿಮ್ಮ ಮಗು ಓದಿ ಗಳಿಸಿದ್ದು. ಅದಕ್ಕೆ ಪ್ರತಿಯಾಗಿ ಮಗುವಿನ ಮೌನವನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ವೇತನ ಕೊಡುವವರನ್ನು ಇವತ್ತೇ ಕೇಳಿ: ನಮ್ಮ ಮಕ್ಕಳ ರಕ್ಷಣೆಗೆ ನಿಮ್ಮಲ್ಲಿ ಏನು ನಿಯಮವಿದೆ, ದೂರು ಯಾರಿಗೆ ಹೇಳಬೇಕು? ಉತ್ತರ ಬಾರದಿದ್ದರೆ ಬರುವವರೆಗೂ ಕೇಳಿ. ಅಲ್ಲಿ ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ಹೇಳಿ. ಮನೆಗೆ ಬಂದು, ಕೆಲಸ ಬದಿಗಿಟ್ಟು, ಮಗುವಿನ ಪಕ್ಕ ಕೂತುಕೊಳ್ಳಿ. ಬೇಡ ಅನ್ನುವುದನ್ನು ಅದಕ್ಕೆ ಕಲಿಸಿ. ಅದು ಬೇಡ ಅಂದ ದಿನ ನೀವು ಅದರ ಪಕ್ಕದಲ್ಲಿರಿ, ಟೇಪಿನ ಇನ್ನೊಂದು ತುದಿ ಗಟ್ಟಿಯಾಗಿ ನಿಮ್ಮ ಕೈಯಲ್ಲಿರಲಿ.