ಜಿರಳೆಯ ಕಾಲು, ಆಯಿಯ ಸೊಂಟ

ಕುಮಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವುದು ನನ್ನ ಕೆಲಸ. ಆ ದಿನದ ಪಾಠ ಜಿರಳೆಯ ಕಾಲು: ಕಾಕ್ಸಾ, ಟ್ರೊಕ್ಯಾಂಟರ್, ಫೀಮರ್, ಟಿಬಿಯಾ, ಟಾರ್ಸಸ್. ಮನುಷ್ಯನ ಸೊಂಟ, ತೊಡೆಗಿಟ್ಟ ಹೆಸರುಗಳನ್ನೇ ಹುಳಕ್ಕೂ ಅಂಟಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಬೇರೆ ಕೆಲಸವಿರಲಿಲ್ಲ. ಜಿರಳೆ ಮರಿಯ ಕಾಲು ಬುಡದಲ್ಲಿ, ಟ್ರೊಕ್ಯಾಂಟರಿನ ಹತ್ತಿರ, ಮುರಿದರೆ, ಪೊರೆ ಬಿಡುವಾಗ ಹೊಸದು ಬರುತ್ತದೆ ಎಂದೆ. ಬೆಳೆದು ದೊಡ್ಡದಾದದ್ದಕ್ಕೆ ಬರುತ್ತದೆಯೇ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಇಲ್ಲ ಎಂದೆ. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಮನೆಯಲ್ಲಿ ಅದೇ ಮಾತು ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತನಾಲ್ಕರ ಮಳೆಗಾಲದಲ್ಲಿ ಆಯಿ, ನನ್ನ ಅಮ್ಮ, ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು, ಸೊಂಟದ ಬುಡದಲ್ಲಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಹೊನ್ನಾವರದಿಂದ ಬಂದ ಡಾಕ್ಟರು ನನ್ನನ್ನು ಜಗಲಿಗೆ ಕರೆದು, ಇನ್ನು ಎದ್ದು ನಡೆಯುವುದಿಲ್ಲ ಎಂದರು. ನಾನು ಒಳಗೆ ಬಂದು, "ಬಪ್ಪ ತಿಂಗಳು ನಡೆಯಲಕ್ಕು, ಆಯಿ" ಎಂದೆ. ಮುಂದಿನ ತಿಂಗಳು ನಡೆಯಬಹುದು ಎಂಬ ಆ ಸುಳ್ಳನ್ನೇ ಆಮೇಲೆ ಪ್ರತಿ ತಿಂಗಳೂ ಹೇಳಿದೆ.

ಆಯಿಯ ತುರಿಮಣೆ ಮಂಚದ ಪಕ್ಕದ ಗೋಡೆಗೆ ಒರಗಿಯೇ ಇತ್ತು. ಅದರ ಮೇಲೆ ಕಾಲು ಮಡಚಿ ಕೂತು ಕಾಯಿ ತುರಿಯುವುದು ಅವಳೊಬ್ಬಳದೇ ಹಕ್ಕು. ನಾನು ಕೂತರೆ ಅವಳಿನ್ನು ಏಳುವುದಿಲ್ಲ ಎಂದು ಒಪ್ಪಿಕೊಂಡಂತೆ; ನನ್ನ ಸುಳ್ಳು ಬಯಲಾಗುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಕಾಯಿ ಹಿಡಿದು ಪಕ್ಕದ ಮನೆಯ ಶ್ರೀಮತಿ ಎಂಬವಳ ಬಳಿ ಹೋಗಿ ತುರಿಸಿಕೊಂಡು ಬಂದು, ಅಡುಗೆ ಮಾಡಿ, ಆಯಿಯನ್ನು ಮಗ್ಗುಲು ಹೊರಳಿಸಿ, ಬಟ್ಟೆ ಬದಲಿಸಿ, ಕಾಲೇಜಿಗೆ ಓಡುತ್ತಿದ್ದೆ. ಸಾಕು ಸಾಕಾಗಿ ಹೋಗಿತ್ತು.

ಆ ಸಂಜೆ ಬೆನ್ನಿಗೆ ಪೌಡರ್ ಹಾಕುವಾಗ ಆಯಿ ಕೇಳಿದಳು, "ಇವತ್ತು ಎಂತ ಕಲಿಸಿದೆ, ಸುಮತಿ?"

"ಜಿರಳೆ ಕಾಲು."

"ಅದು ಮುರದ್ರೆ ಮತ್ತೆ ಬತ್ತಾ?"

"ಸಣ್ಣದಕ್ಕೆ ಬತ್ತು."

"ದೊಡ್ಡದಕ್ಕೆ?"

ಇನ್ನೊಂದು ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಬತ್ತಿಲ್ಲೆ. ನಿಂಗೂ ಇನ್ನು ನಡೆಯಲೆ ಆಗ್ತಿಲ್ಲೆ, ಆಯಿ."

ಆಯಿ ಗೋಡೆಗೆ ಒರಗಿದ್ದ ಮಣೆಯ ಕಡೆ ಮುಖ ಮಾಡಿದಳು. ನಾನು ಅತ್ತುಬಿಟ್ಟೆ.

"ಆತು," ಎಂದಳು ಕೊನೆಗೆ. "ಆ ಮಣೆ ತಗ. ಶ್ರೀಮತಿಗೆ ಇನ್ನೂ ಎಷ್ಟು ದಿನ ತೊಂದ್ರೆ ಕೊಡ್ತೆ?"

ಅವಳಿಗೆ ಎಲ್ಲವೂ ಗೊತ್ತಿತ್ತು. ನಾನು ಮಣೆಯನ್ನು ನೆಲಕ್ಕಿಟ್ಟು, ಕೂತು, ತುರಿಯತೊಡಗಿದೆ.

"ಕರಟದವರೆಗೆ ತುರಿಯಡ, ಪದಾರ್ಥ ಕಪ್ಪಾಗ್ತು" ಎಂದು ಆಯಿ ಮಂಚದಿಂದಲೇ ಗದರಿದಳು.